ಲಾಭಕ್ಕೆ ಹಾಕಿದ ಕೊಸರು

ಇದ್ದಿಲು ಬಸ್ಸು ಅರಕಲಗೂಡಿನ ಕೊನೆಯ ಮನೆ ದಾಟುವಷ್ಟರಲ್ಲಿ, ಅಣ್ಣಯ್ಯ ಏನನ್ನೋ ಹೇಳುವುದಕ್ಕೆಂದೇ ತನ್ನ ಜೊತೆ ಬಂದಿದ್ದಾನೆ ಎಂದು ಷಡಕ್ಷರಿಗೆ ಗೊತ್ತಾಗಿಹೋಗಿತ್ತು. ಸಂತೆಯ ದಿನ ಅಂಗಡಿ ಬಾಗಿಲು ಹಾಕುವ ಆಸಾಮಿಯಲ್ಲ ಅಣ್ಣ ಚಂದ್ರಶೇಖರಯ್ಯ. ಅಪ್ಪ ತೀರಿಕೊಂಡ ವರ್ಷವೂ ಸಂತೆಯ ದಿನ ತಕ್ಕಡಿ ಹಿಡಿದು ನಿಂತಿದ್ದವನು, ಇವತ್ತು ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿಸಿದ ಕೋಟು ತೊಟ್ಟು, "ನಂಗೂ ಹಾಸನದಲ್ಲಿ ಒಸಿ ಕೆಲ್ಸ ಐತೆ" ಎಂದು ಬಸ್ಸು ಹತ್ತಿದ್ದ. ಹತ್ತಿದವನು ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಿದ್ದ.

ಷಡಕ್ಷರಿಯ ತೊಡೆಯ ಮೇಲೆ ಮೇಣಬಟ್ಟೆಯಲ್ಲಿ ಸುತ್ತಿದ ಕಾಗದಗಳ ಕಟ್ಟಿತ್ತು. ಯುದ್ಧ ಬಂದು ಬರ್ಮಾದಿಂದ ಓಡಿಬಂದವರಲ್ಲಿ ಕೆಲವರು ಒಡವೆ ತಂದರು, ಕೆಲವರು ಬರಿಯ ಜೀವ ತಂದರು. ಇವನು ತಂದದ್ದು ಇದನ್ನು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ರಂಗೂನಿನ ಹತ್ತಿರದ ಒಂದು ಎಣ್ಣೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದ. ಜಪಾನಿಯರು ಹತ್ತಿರ ಬಂದಾಗ, ಎಣ್ಣೆ ಅವರ ಕೈಗೆ ಸಿಗಬಾರದೆಂದು ಕಂಪನಿಯವರೇ ಟ್ಯಾಂಕುಗಳಿಗೆ ಬೆಂಕಿ ಕೊಟ್ಟರು. ಅರಕಾನಿನ ಬೆಟ್ಟ ಹತ್ತಿ ಇಳಿದು ಚಿತ್ತಗಾಂಗ್ ಸೇರುವವರೆಗೆ ಅವನು ಅಂಗಿಯ ಒಳಗೆ ಎದೆಗೆ ಕಟ್ಟಿಕೊಂಡಿದ್ದ ಈ ಕಾಗದಗಳು, ಪ್ರತಿ ವರ್ಷ ತನ್ನ ಸಂಬಳದಲ್ಲಿ ತೆರಿಗೆ ಮುರಿದುಕೊಂಡಿದ್ದೇವೆ ಎಂದು ಕಂಪನಿ ಬರೆದುಕೊಟ್ಟಿದ್ದ ಪತ್ರಗಳು. ಜೊತೆಗೆ ನಡೆಯುತ್ತಿದ್ದ ಒಬ್ಬ ತೆಲುಗಿನವನು ನಕ್ಕಿದ್ದ, ಒಲೆ ಹಚ್ಚುವುದಕ್ಕೂ ಆಗದ ಒದ್ದೆ ಕಾಗದ ಯಾಕಯ್ಯ ಹೊರುತ್ತೀ ಎಂದು.

ಒಂದು ವರ್ಷ ಕಳೆದ ಮೇಲೆ ಅವಕ್ಕೆ ಕೆಲಸ ಬಿತ್ತು. ಷಡಕ್ಷರಿ ಬರ್ಮಾದಲ್ಲಿದ್ದಾಗ ಮದರಾಸಿನ ಬ್ಯಾಂಕೊಂದರಲ್ಲಿ ಉಳಿಸಿದ್ದ ದುಡ್ಡನ್ನು ಹಾಸನಕ್ಕೆ ತರಿಸಿಕೊಂಡ. ಚನ್ನರಾಯಪಟ್ಟಣದಲ್ಲಿ ಒಂದು ಸಾಬೂನಿನ ಕಾರ್ಖಾನೆ ಹಾಕಬೇಕೆಂಬುದು ಅವನ ಯೋಚನೆ. ನುಗ್ಗೇಹಳ್ಳಿಯ ಕಡೆಯ ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆ ಎರಡನ್ನೂ ಬೆರೆಸಿ ಕಾಯಿಸಿ ನೋಡಿ, ಯಾವ ಅಳತೆಗೆ ಗಟ್ಟಿ ಸಾಬೂನು ಬರುತ್ತದೆಂದು ಹಿತ್ತಿಲಲ್ಲೇ ಕಂಡುಕೊಂಡಿದ್ದ. ರುದ್ರಯ್ಯ ಎಂಬವರ ಮಂಡಿಯ ಹಿಂದಿನ ಕೊಟ್ಟಿಗೆಗೆ ಮುಂಗಡವನ್ನೂ ಕೊಟ್ಟಿದ್ದ. ಅಷ್ಟರಲ್ಲಿ ಇನ್‌ಕಂ ಟ್ಯಾಕ್ಸ್ ಆಫೀಸಿನಿಂದ ನೋಟೀಸು ಬಂತು. ಹೊರದೇಶದಲ್ಲಿ ಗಳಿಸಿದ್ದಾದರೂ ಮೈಸೂರು ಸಂಸ್ಥಾನದೊಳಕ್ಕೆ ತಂದಮೇಲೆ ಇಲ್ಲಿ ತೆರಿಗೆ ಕೊಡಬೇಕು. ಅಲ್ಲಿ ಈಗಾಗಲೇ ಕೊಟ್ಟಿದ್ದರೆ ಅದನ್ನು ತೋರಿಸಿ ಇಲ್ಲಿಯದರಲ್ಲಿ ಅಷ್ಟನ್ನು ಕಳೆದು ವಜಾ ಹಾಕಿಸಿಕೊಳ್ಳಬಹುದು. ವಜಾ ಸಿಕ್ಕಿದರೆ ಸಾಬೂನಿನ ಕಡಾಯಿ ಒಲೆಗೇರುತ್ತದೆ. ಸಿಗದಿದ್ದರೆ ಯುದ್ಧದ ದರದ ತೆರಿಗೆ, ಅದರ ಮೇಲೆ ದಂಡ, ಎಲ್ಲ ಹೋಗಿ ಉಳಿದದ್ದು ಕೊಟ್ಟಿಗೆಯ ಬಾಡಿಗೆಗೂ ಸಾಲದು. ಕಾಗದ ಭದ್ರವಾಗಿದೆ, ಲೆಕ್ಕ ಸರಿಯಾಗಿದೆ, ಇನ್ನೇನು ಭಯ ಎಂದುಕೊಂಡು ಅವನು ಬಸ್ಸು ಹತ್ತಿದ್ದ.

ಒಂದು ವಿಷಯವನ್ನು ಮಾತ್ರ ಅವನು ಮನೆಯಲ್ಲಿ ಬಿಡಿಸಿ ಹೇಳಿರಲಿಲ್ಲ. ಹಾಸನಕ್ಕೆ ಬಂದ ದುಡ್ಡು ಕಂಪನಿ ಮುಚ್ಚುವಾಗ ಒಟ್ಟಿಗೆ ಕೊಟ್ಟ ಗಂಟು ಎಂದು ಅಣ್ಣಯ್ಯ ತಿಳಿದುಕೊಂಡಿದ್ದ. ಷಡಕ್ಷರಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಮೊದಲನೆಯ ಏರಿನಲ್ಲೇ ಬಸ್ಸು ಕೆಮ್ಮಿ ನಿಂತಿತು. ಡ್ರೈವರ್ ದ್ಯಾವಯ್ಯ ಹಿಂದಿರುಗಿ ನೋಡಿ ಕೂಗಿದ.

"ಇಳೀರಿ ಸಾ, ಎಲ್ರೂ ಇಳೀರಿ. ಬಸ್ಸಿಗೂ ಒಸಿ ಉಸ್ರಾಡಕ್ಕೆ ಬುಡಿ. ಪೆಟ್ರೋಲು ಕುಡ್ಕಂಡು ಬೆಳ್ದದ್ದು, ಇದ್ಲು ತಿನ್ನು ಅಂದ್ರೆ ಎಂಗೆ ತಿಂದಾತು?"

ಜನ ನಗುತ್ತ ಇಳಿದರು. ಬಸ್ಸಿನ ಹಿಂದಕ್ಕೆ ಕಟ್ಟಿದ್ದ ಉದ್ದನೆಯ ಉಕ್ಕಿನ ಡ್ರಮ್ಮಿನಲ್ಲಿ ಇದ್ದಿಲು ಕೆದಕಿ, ತಿದಿ ತಿರುಗಿಸುವುದಕ್ಕೆ ಶುರುಮಾಡಿದ ದ್ಯಾವಯ್ಯ. ಇದ್ದಿಲು ಪೂರ್ತಿ ಉರಿದುಬಿಟ್ಟರೆ ಬಸ್ಸು ಓಡುವುದಿಲ್ಲ, ಅರ್ಧ ಉರಿದು ಒಳಗೇ ಉಸಿರು ಕಟ್ಟಿಕೊಂಡರೆ ಮಾತ್ರ ಆ ಅನಿಲ ಬಂಡಿ ಎಳೆಯುತ್ತದೆ. ಷಡಕ್ಷರಿ ಆ ಹೊಗೆಯ ಬಣ್ಣವನ್ನೇ ನೋಡುತ್ತಿದ್ದಾಗ ಚಂದ್ರಶೇಖರಯ್ಯ ಅವನ ತೋಳು ಹಿಡಿದು ರಸ್ತೆಯ ಪಕ್ಕದ ಹೊಂಗೆಮರದ ಕೆಳಗೆ ಕರೆದುಕೊಂಡು ಹೋದ.

"ಷಡಕ್ಷ್ರೀ, ಅವ್ರು ಕೇಳ್ತಾರೆ ಕಣಪ್ಪ. ಇಷ್ಟು ವರ್ಷ ಸಂಬ್ಳ ಬಂತಲ್ಲ, ಅದು ಎಲ್ಲಿಗೋಯ್ತು ಅಂತ."

"ಕೇಳ್ಲಿ ಬಿಡು ಅಣ್ಣಯ್ಯ. ಮನೆಗೆ ಕಳಿಸ್ದೆ ಅಂತೀನಿ. ಮನಿಯಾರ್ಡರ್ ರಸೀತಿ ಇದೆ."

"ಅದೇ." ಚಂದ್ರಶೇಖರಯ್ಯ ಕೋಟಿನ ಗುಂಡಿಯನ್ನು ತಿರುಗಿಸಿದ. "ನೀ ಕಳ್ಸಿದ್ನ ನಾನು ಗಲ್ಲಾಕ್ಕೆ ಹಾಕ್ದೆ."

"ಗೊತ್ತಲ್ಲ. ಮನೆಗೆ ಬಂದ ದುಡ್ಡೆಲ್ಲ ಮೊದಲು ಗಲ್ಲಾಪೆಟ್ಟಿಗೆಗೇ ತಾನೆ?"

ಅದು ಅಪ್ಪನ ಕಾಲದ ರೂಢಿ. ಎಳನೀರು ಮಾರಿದ್ದಾಗಲಿ, ಮದುವೆಯಲ್ಲಿ ಮುಯ್ಯಿ ಬಂದದ್ದಾಗಲಿ, ಬಸವಣ್ಣನ ಪಟಕ್ಕೆ ಒಮ್ಮೆ ಮುಟ್ಟಿಸಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹಾಕಬೇಕು. ಆಮೇಲೆ ಅದು ಯಾರದೂ ಅಲ್ಲ, ಎಲ್ಲರದು.

"ಹಾಕ್ದೆ. ಹಾಕಿ, ಅಂಗ್ಡಿ ಲಾಭ ಅಂತ ಬರ್ಸ್ದೆ. ಇನ್‌ಕಂ ಟ್ಯಾಕ್ಸ್ ಕಟ್ದೆ ಅದ್ರ ಮ್ಯಾಲೆ."

ಷಡಕ್ಷರಿಗೆ ಅರ್ಥವಾಗಲಿಲ್ಲ. "ಯಾತಕ್ಕೆ? ಜನ ಲಾಭ ಬಚ್ಚಿಡ್ತಾರೆ. ನೀನು ಇಲ್ಲದ ಲಾಭ ತೋರಿಸಿ ತೆರಿಗೆ ಕಟ್ಟಿದ್ಯಾ?"

"ಮತ್ತಿನ್ನೇನ್ಲಾ ಮಾಡ್ಲಿ?" ಚಂದ್ರಶೇಖರಯ್ಯನ ದನಿ ಏರಿತು. ತಿದಿಯ ಸದ್ದಿನಲ್ಲಿ ಬೇರೆಯವರಿಗೆ ಕೇಳುವ ಹಾಗಿರಲಿಲ್ಲ. "ಅಂಗ್ಡೀಲಿ ಮೂರು ವರ್ಷ ಏನೂ ಗಿಟ್ಲಿಲ್ಲ. ತಮ್ಮ ಹೊರದೇಸ್ದಲ್ಲಿ ಚಾಕ್ರಿ ಮಾಡಿ ಕಳಿಸ್ತಾನೆ, ಅಣ್ಣ ಕೂತ್ಕಂಡು ಉಣ್ತಾನೆ ಅಂತ ಪೇಟೆ ಬೀದೀಲಿ ಅನ್ನಿಸ್ಕಬೇಕಾಗಿತ್ತಾ? ಚಂದ್ರಶೇಖರಯ್ಯ ಇನ್‌ಕಂ ಟ್ಯಾಕ್ಸ್ ಕಟ್ಟೋ ಸಾವ್ಕಾರ ಅಂತ ಆಯ್ತು. ಅದು ನೋಡೇ ಅಮಲ್ದಾರ್ರು ಸೀಮೆಎಣ್ಣೆ ಡಿಪೋ ಕೊಟ್ರು. ಆ ಡಿಪೋ ಬಂದ್ಮೇಲೇ ಕಣಪ್ಪ ಅಂಗ್ಡಿ ನಿಜ್ವಾಗ್ಲೂ ಅಂಗ್ಡಿ ಆಗಿದ್ದು."

ತಕ್ಕಡಿ ಸಮಕ್ಕೆ ಬಂದ ಮೇಲೂ ಅಣ್ಣಯ್ಯ ಒಂದು ಹಿಡಿ ಕೊಸರು ಹಾಕುತ್ತಾನೆ. ಅಳತೆ ತುಂಬಿದ ಮೇಲೂ ಒಂದು ಗುಟುಕು ಎಣ್ಣೆ ಮೇಲೆ ಸುರಿಯುತ್ತಾನೆ. ಕೊಟ್ಟಿದ್ದು ಸಾಲದು ಅನ್ನಿಸಬಾರದು, ಅಷ್ಟೆ. ಲಾಭಕ್ಕೂ ಹಾಗೇ ಕೊಸರು ಹಾಕಿದ್ದಾನೆ. ಷಡಕ್ಷರಿಗೆ ನಗು ಬರಬೇಕಾಗಿತ್ತು. ಬರಲಿಲ್ಲ.

ಲೆಕ್ಕ ಅವನ ತಲೆಯಲ್ಲಿ ತಾನೇ ಬಿಡಿಸಿಕೊಂಡಿತು. ವಜಾ ಸಿಗಬೇಕಾದರೆ ಅಲ್ಲಿ ತೆರಿಗೆ ಕೊಟ್ಟವನೂ ಇಲ್ಲಿ ಕೊಡಬೇಕಾದವನೂ ಒಬ್ಬನೇ ಆಗಿರಬೇಕು. ಅಣ್ಣನಿಂದ ಬೇರೆಯಾಗಿದ್ದೇನೆ, ಗಳಿಕೆ ನನ್ನೊಬ್ಬನದು ಎಂದರೆ ವಜಾ ಸಿಕ್ಕುತ್ತದೆ. ಆಗ ಮನೆಗೆ ಕಳಿಸಿದ್ದೂ ತನ್ನದೇ ಎಂದಾಗಿ ಅಣ್ಣ ತೋರಿಸಿದ ಲಾಭ ಸುಳ್ಳಾಗುತ್ತದೆ, ಆ ಲಾಭ ನೋಡಿ ಕೊಟ್ಟ ಡಿಪೋ ಹೋಗುತ್ತದೆ. ನಾವಿನ್ನೂ ಒಟ್ಟು ಕುಟುಂಬ, ಎಲ್ಲ ದುಡ್ಡೂ ಒಂದೇ ಎಂದರೆ ಗಲ್ಲಾಕ್ಕೆ ಬಿದ್ದದ್ದೆಲ್ಲ ಮನೆಯ ಗಳಿಕೆಯೇ, ಅಣ್ಣ ಉಳಿಯುತ್ತಾನೆ. ಆದರೆ ಅಲ್ಲಿ ಕೊಟ್ಟವನು ಷಡಕ್ಷರಿ, ಇಲ್ಲಿ ಕೊಡಬೇಕಾದದ್ದು ಕುಟುಂಬ. ವಜಾ ಇಲ್ಲ. ಬೆಟ್ಟ ದಾಟಿಸಿ ತಂದ ಕಾಗದ ಒಲೆಗೆ.

"ಒಂದೇ ಮನೆ ಅಂತ ಹೇಳ್ಬುಡು," ಎಂದ ಚಂದ್ರಶೇಖರಯ್ಯ ನೆಲ ನೋಡುತ್ತ. "ಸುಳ್ಳೇನೂ ಅಲ್ವಲ್ಲ."

"ಹತ್ರೀ ಸಾ, ಹತ್ರೀ! ಈಗ ಬುಟ್ರೆ ಮಧ್ಯಾಹ್ನಕ್ಕೇ ಮತ್ತೆ ಇದ್ಕೆ ಮನ್ಸು ಬರೋದು," ಎಂದು ದ್ಯಾವಯ್ಯ ಕೂಗಿದ.

ಹಾಸನ ಮುಟ್ಟುವವರೆಗೆ ಷಡಕ್ಷರಿ ಮೇಣಬಟ್ಟೆಯ ಕಟ್ಟನ್ನು ಎದೆಗೊತ್ತಿ ಹಿಡಿದಿದ್ದ.

ಆಫೀಸಿನ ಜಗಲಿಯ ಮೇಲೆ ಒಂದು ಬೆಂಚಿತ್ತು. ಚಂದ್ರಶೇಖರಯ್ಯ ಅದರ ತುದಿಯಲ್ಲಿ ಕೂತ. ಒಳಗೆ ಆಫೀಸರ್ ಈಶ್ವರಯ್ಯನವರು ಮೇಣಬಟ್ಟೆಯ ಕಟ್ಟನ್ನು ತಾವೇ ಬಿಚ್ಚಿದರು. ಬೆವರಿನ ಕಲೆ, ಕೆಸರಿನ ಕಲೆ ಬಿದ್ದ ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ಓದಿದರು. ಅವರ ಕಿವಿಯ ಹಿಂದೆ ಪೆನ್ಸಿಲ್ಲಿತ್ತು, ಅದನ್ನು ಮರೆತು ಮೇಜಿನ ಮೇಲೆ ಎರಡು ಸಲ ಹುಡುಕಿದರು.

"ಕಾಗದ ಒಪ್ಪವಾಗಿದೆ," ಎಂದರು. "ಇಂಥ ಕಾಲದಲ್ಲಿ ಯಾರೂ ಇಷ್ಟು ಜೋಪಾನ ಮಾಡಿರುವುದನ್ನು ನಾನು ನೋಡಿಲ್ಲ. ಈಗ ಕೇಳುವುದಕ್ಕೆ ಉತ್ತರ ಕೊಡಿ. ಸಂಬಳದಲ್ಲಿ ಖರ್ಚು ಕಳೆದು, ಈ ಉಳಿತಾಯ ಕಳೆದು, ಇನ್ನೊಂದು ಪಾಲು ಉಳಿಯುತ್ತದೆ. ಅದು?"

"ಅರಕಲಗೂಡಿಗೆ ಕಳಿಸಿದೆ."

"ಯಾರಿಗೆ?"

"ನಮ್ಮ ಅಣ್ಣನಿಗೆ. ಚಂದ್ರಶೇಖರಯ್ಯ ಅಂತ. ಪೇಟೆ ಬೀದಿಯಲ್ಲಿ ಅಂಗಡಿ."

ಈಶ್ವರಯ್ಯನವರ ಕೈ ನಿಂತಿತು. ಆ ಹೆಸರು ಅವರಿಗೆ ಹೊಸದಲ್ಲವೆಂದು ಗೊತ್ತಾಗುತ್ತಿತ್ತು. ಜವಾನ ಕೆಂಪಣ್ಣನನ್ನು ಕರೆದು ಅರಕಲಗೂಡಿನ ಫೈಲು ತರಿಸಿದರು. ಒಂದೊಂದೇ ಹಾಳೆ ತಿರುವಿ ನೋಡಿದರು.

"ನೋಡಿ," ಎಂದರು ಕೊನೆಗೆ. "ನಿಮ್ಮ ವಜಾ ಒಂದೇ ಮಾತಿನ ಮೇಲೆ ನಿಂತಿದೆ. ನೀವು ಅಣ್ಣನಿಂದ ಬೇರೆಯೋ, ಒಟ್ಟಿಗಿದ್ದೀರೋ? ಬೇರೆ ಎಂದರೆ ಇವತ್ತೇ ವಜಾ ಹಾಕಿ ಕಳಿಸುತ್ತೇನೆ. ಒಟ್ಟು ಎಂದರೆ ಪೂರಾ ತೆರಿಗೆ, ತಡವಾದ್ದಕ್ಕೆ ದಂಡ. ಯೋಚಿಸಿ ಹೇಳಿ. ಹೇಳಿದ್ದನ್ನು ಬರೆದುಕೊಳ್ಳುತ್ತೇನೆ, ಆಮೇಲೆ ತಿದ್ದುವ ಹಾಗಿಲ್ಲ." ತೆರಿಗೆ ಎಷ್ಟಾಗುತ್ತದೆಂಬುದನ್ನೂ ಹೇಳಿದರು. ಮೆಲ್ಲಗೆ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ, ದನಿ ಜಗಲಿಯವರೆಗೂ ಹೋಗುತ್ತಿತ್ತು.

ಆ ಮೊತ್ತ ಕೇಳಿದಾಗ ಷಡಕ್ಷರಿಗೆ ಕಂಡದ್ದು ರುದ್ರಯ್ಯನವರ ಕೊಟ್ಟಿಗೆ. ಗೋಡೆಗೆ ಸುಣ್ಣ ಬಳಿಸಿದ್ದ. ಕಡಾಯಿ ಎಲ್ಲಿ ಕೂರಬೇಕೆಂದು ನೆಲದ ಮೇಲೆ ಇದ್ದಿಲಿನಲ್ಲಿ ದುಂಡಗೆ ಗೆರೆ ಎಳೆದಿದ್ದ. ಆದರೂ ಅವನು ಯೋಚಿಸಿದ್ದು ಹೆಚ್ಚು ಹೊತ್ತಲ್ಲ.

"ಒಟ್ಟಿಗಿದ್ದೇವೆ ಸ್ವಾಮಿ. ನಾನು ವಜಾ ಕೇಳುವುದಿಲ್ಲ."

ಈಶ್ವರಯ್ಯನವರು ಕಿವಿಯ ಹಿಂದಿನ ಪೆನ್ಸಿಲ್ ಬಿಟ್ಟು ಮಸಿಯ ಲೇಖನಿ ತೆಗೆದುಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಕೆಂಪಣ್ಣ "ಏ ಯಜಮಾನ್ರೇ, ಅಂಗೆ ನುಗ್ಬಾರ್ದು" ಎನ್ನುವುದು ಕೇಳಿಸಿತು. ಚಂದ್ರಶೇಖರಯ್ಯ ಒಳಗೆ ಬಂದು ನಿಂತಿದ್ದ. ಪೇಟ ಕೈಯಲ್ಲಿತ್ತು.

"ಬರೀಬೇಡಿ ಸಾ. ನಾವು ಬೇರೆ."

"ಅಣ್ಣಯ್ಯ, ನೀನು ಹೊರಗಿರು."

"ನೀ ಸುಮ್ನಿರ್ಲಾ. ಸಾ, ಅವ್ನು ರಂಗೂನಿಗೆ ಹಡಗು ಹತ್ತಿದ ದಿನ್ವೇ ಬೇರೆ ಆದ. ಅವ್ನು ಕಳ್ಸಿದ ದುಡ್ನ ನಾನು ಲಾಭ ಅಂತ ಬರ್ಸಿದ್ದು ಸುಳ್ಳು. ಅಂಗ್ಡೀಲಿ ಏನೂ ಇರ್ಲಿಲ್ಲ. ನೊಣ ಇತ್ತು."

ಈಶ್ವರಯ್ಯನವರು ಕನ್ನಡಕ ತೆಗೆದು ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಾಗಿತ್ತು.

"ಲಾಭ ಯಾಕೆ ಕಡಿಮೆ ಬರೆದಿರಿ ಎಂದು ಕೇಳಿ ಕೇಳಿ ನನ್ನ ತಲೆ ನೆರೆತಿದೆ. ಜಾಸ್ತಿ ಯಾಕೆ ಬರೆದಿರಿ ಎಂದು ಇವತ್ತಿನವರೆಗೆ ಯಾರನ್ನೂ ಕೇಳಬೇಕಾಗಿ ಬಂದಿರಲಿಲ್ಲ. ಇರಲಿ. ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ. ಇವತ್ತು ಬೆಳಿಗ್ಗೆ ಎಲ್ಲಿ ಊಟ ಮಾಡಿದಿರಿ ಷಡಕ್ಷರಿ?"

"ಅಣ್ಣನ ಮನೆಯಲ್ಲಿ. ನಮ್ಮ ಮನೆಯಲ್ಲಿ. ಅತ್ತಿಗೆ ರೊಟ್ಟಿ ಬಡಿಸಿದರು."

"ನೆಂಟ್ರಂಗೆ ಉಂಡ," ಎಂದ ಚಂದ್ರಶೇಖರಯ್ಯ.

ಷಡಕ್ಷರಿ ಅಣ್ಣನ ಕಡೆ ತಿರುಗಿದ. ಅಣ್ಣಯ್ಯ ಗೋಡೆಯ ಮೇಲಿನ ಮಹಾರಾಜರ ಪಟ ನೋಡುತ್ತಿದ್ದ. ಸಂತೆಯಲ್ಲಿ ನಷ್ಟಕ್ಕೆ ಮಾಲು ಕೊಡುವಾಗಲೂ ಅವನು ಹೀಗೇ ಬೇರೆ ಕಡೆ ನೋಡುತ್ತಿದ್ದ.

ಈಶ್ವರಯ್ಯನವರು ಅರಕಲಗೂಡಿನ ಫೈಲು ಮುಚ್ಚಿ, ಮದರಾಸಿನ ಬ್ಯಾಂಕಿನ ಕಾಗದವನ್ನು ಮುಂದೆ ಎಳೆದುಕೊಂಡರು.

"ಒಲೆ ಒಂದೇ ಇದ್ದರೂ ಮನೆ ಎರಡಾಗಿರಬಹುದು. ಒಂದೇ ಪ್ರಶ್ನೆ ಕೇಳುತ್ತೇನೆ. ಈ ದುಡ್ಡು ಒಂದೇ ಸಲ ಬಂದದ್ದಲ್ಲ. ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪವೇ ನಿಮ್ಮೊಬ್ಬರ ಹೆಸರಿಗೆ ಜಮೆಯಾಗಿದೆ. ಇದು ನಿಮ್ಮ ಅಣ್ಣನವರಿಗೆ ಗೊತ್ತಿತ್ತೇ?"

ಕಿಟಕಿಯ ಹೊರಗೆ ಯಾರೋ ಕುದುರೆಗಾಡಿಯವನು ಬಾಡಿಗೆಗೆ ಚೌಕಾಸಿ ಮಾಡುತ್ತಿದ್ದ. ಗೊತ್ತಿತ್ತು ಎಂದರೆ ಮುಗಿದುಹೋಗುತ್ತಿತ್ತು. ಒಟ್ಟು ಕುಟುಂಬ ಉಳಿಯುತ್ತಿತ್ತು, ಡಿಪೋ ಉಳಿಯುತ್ತಿತ್ತು. ಅಣ್ಣಯ್ಯನೂ ಈಗ ಅವನ ಕಡೆ ತಿರುಗಿದ್ದ. ತಾನು ಹೇಳಿದ ಸುಳ್ಳು ನಿಲ್ಲುತ್ತದೋ ಇಲ್ಲವೋ ಎಂದು ಕಾಯುವವನ ಹಾಗೆ, ಪೇಟವನ್ನು ಎರಡೂ ಕೈಯಲ್ಲಿ ಹಿಸುಕುತ್ತಿದ್ದ.

ಪ್ರಯೋಗಾಲಯದಲ್ಲಿ ಷಡಕ್ಷರಿ ಇಷ್ಟು ವರ್ಷ ಮಾಡಿದ್ದು ಒಂದೇ ಕೆಲಸ. ಬಂದ ಅಂಕಿ ಬೇಕಾದ್ದಲ್ಲದಿದ್ದರೂ ಬಂದದ್ದನ್ನೇ ಬರೆಯುವುದು. ಈಗ ಅವನಿಗೆ ಆ ತಿಂಗಳುಗಳು ನೆನಪಾದವು. ಸಂಬಳದ ದಿನ ಎರಡು ಫಾರಮು ತುಂಬುತ್ತಿದ್ದ, ಮೊದಲು ಅರಕಲಗೂಡಿಗೆ, ಆಮೇಲೆ ಮದರಾಸಿಗೆ. ಎರಡನೆಯದನ್ನು ತುಂಬುವಾಗ, ಇದು ಗಲ್ಲಾಪೆಟ್ಟಿಗೆಗೆ ಬಿದ್ದರೆ ನನಗೆ ಮತ್ತೆ ಕಾಣುವುದಿಲ್ಲ ಎಂದುಕೊಳ್ಳುತ್ತಿದ್ದ. ಬೇರೆಯಾಗುವುದೆಂದರೆ ಇನ್ನೇನು?

"ಇಲ್ಲ ಸ್ವಾಮಿ," ಎಂದ. "ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ."

ಈಶ್ವರಯ್ಯನವರು ಬರೆದುಕೊಂಡರು. ಲೇಖನಿಯ ಮೊನೆ ಒರಟಾಗಿತ್ತು. ಬೇರೆ ಎಂದೇ ಬರೆದರು. ವಜಾ ಮಂಜೂರಾಯಿತು. ಅಣ್ಣನ ಲಾಭದ ಲೆಕ್ಕವನ್ನು ತಿದ್ದಿಸಿ ಕಳಿಸಬೇಕೆಂದೂ, ಅದರ ಒಂದು ಪ್ರತಿ ತಾಲ್ಲೂಕು ಕಚೇರಿಗೆ ಹೋಗುತ್ತದೆಂದೂ, ಡಿಪೋದ ವಿಷಯ ಅಮಲ್ದಾರರಿಗೆ ಬಿಟ್ಟದ್ದೆಂದೂ ಹೇಳಿದರು. ಚಂದ್ರಶೇಖರಯ್ಯ ತೋರಿಸಿದ ಜಾಗದಲ್ಲಿ ರುಜು ಹಾಕಿದ. ಅಂಗಡಿಯ ಚೀಟಿಗೆ ಹಾಕುವ ಹಾಗೆ ಹೆಸರಿನ ಕೆಳಗೆ ಎರಡು ಗೆರೆ ಎಳೆದ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಟೆಲಿನಲ್ಲಿ ಕೂತು ಇಡ್ಲಿ ತರಿಸಿದರು. ಇಬ್ಬರೂ ತಿನ್ನಲಿಲ್ಲ.

"ಪ್ರತಿ ತಿಂಗ್ಳೂನಾ?" ಎಂದು ಕೇಳಿದ ಚಂದ್ರಶೇಖರಯ್ಯ.

"ಹೂಂ."

"ಬೇರೆ ಅಂದದ್ನ ನಾನು ಸುಳ್ಳು ಅಂದ್ಕಂಡು ಹೇಳ್ದೆ ಕಣಪ್ಪ." ತಟ್ಟೆಯನ್ನು ಬೆರಳಿನಿಂದ ಆ ಕಡೆ ತಳ್ಳಿದ.

"ಅಣ್ಣಯ್ಯ, ಸಾಬೂನು ಕಾರ್ಖಾನೆ ಇಬ್ಬರ ಹೆಸರಲ್ಲೂ..."

"ಬೇಡ. ಅದು ಬೇಡ."

ಹೋಟೆಲಿನ ದುಡ್ಡನ್ನು ಷಡಕ್ಷರಿ ಕೊಟ್ಟ. ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದ. ಏರಿನಲ್ಲಿ ದ್ಯಾವಯ್ಯ ಮತ್ತೆ ಎಲ್ಲರನ್ನೂ ಇಳಿಸಿದಾಗ ಚಂದ್ರಶೇಖರಯ್ಯ ಆ ಹೊಂಗೆಮರದ ಕಡೆ ಹೋಗಲಿಲ್ಲ. ಬಸ್ಸಿನ ಇನ್ನೊಂದು ಪಕ್ಕದಲ್ಲಿ ಒಬ್ಬನೇ ನಿಂತ.

ಅರಕಲಗೂಡು ಮುಟ್ಟಿದಾಗ ಸಂತೆ ಇನ್ನೂ ಚೆದುರಿರಲಿಲ್ಲ. ಚಂದ್ರಶೇಖರಯ್ಯ ಕೋಟು ಬಿಚ್ಚಿ ಮೊಳೆಗೆ ಹಾಕಿ, ಅಂಗಡಿಯ ಹಲಗೆಗಳನ್ನು ತೆಗೆದ. ಸೀಮೆಎಣ್ಣೆಗೆ ಬಾಟಲಿ ಹಿಡಿದು ಕಾದಿದ್ದ ನಾಲ್ಕೈದು ಜನ ಮುಂದೆ ಬಂದರು. "ಸಾವ್ಕಾರ್ರು ಸಂತೆ ದಿನ್ವೇ ನಾಪತ್ತೆ ಆಗ್ಬುಟ್ರಲ್ಲ" ಎಂದ ಒಬ್ಬ. ಷಡಕ್ಷರಿ ಅವರ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದು, ಕೈಯಲ್ಲಿದ್ದ ಚಿಲ್ಲರೆಯನ್ನು ಬಸವಣ್ಣನ ಪಟಕ್ಕೆ ಮುಟ್ಟಿಸಿ ಗಲ್ಲಾಪೆಟ್ಟಿಗೆಗೆ ಕೈ ಚಾಚಿದ. ಯೋಚಿಸಿ ಮಾಡಿದ್ದಲ್ಲ, ಹುಟ್ಟಿದಾಗಿನಿಂದ ಬಂದ ಅಭ್ಯಾಸ.

ಮುಚ್ಚಳದ ಮೇಲೆ ಅಣ್ಣಯ್ಯನ ಅಂಗೈ ಬಿತ್ತು.

"ಇಲ್ಲಿ ಬ್ಯಾಡ. ಬೇರೆ ಅಂತ ಬರ್ಕೊಟ್ಟು ಬಂದಿದೀವಿ. ಜೇಬಲ್ಲಿಟ್ಕೋ."

ಷಡಕ್ಷರಿ ಜೇಬಿಗೆ ಹಾಕಿಕೊಳ್ಳಲಿಲ್ಲ. ಚಿಲ್ಲರೆಯನ್ನು ಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಇಟ್ಟ. ಚಂದ್ರಶೇಖರಯ್ಯ ಅದನ್ನು ಮುಟ್ಟಲಿಲ್ಲ. ಎಣ್ಣೆಗೆ ಬಂದವರು ಕೊಟ್ಟ ಕಾಸನ್ನೆಲ್ಲ ಅದರ ಪಕ್ಕದಿಂದಲೇ ಬಳಸಿ ಪೆಟ್ಟಿಗೆಗೆ ಹಾಕುತ್ತ ಹೋದ. ಅದು ಮಾತ್ರ ಇಬ್ಬರ ಮಧ್ಯೆ ಹಾಗೇ ಬಿದ್ದಿತ್ತು.

ಒಳಬಾಗಿಲಿನಿಂದ ಅತ್ತಿಗೆ ಗಂಗಾಂಬಿಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಗಂಡನ ಮುಖ ನೋಡಿದಳು, ಮೈದುನನ ಮುಖ ನೋಡಿದಳು. ಹಾಸನದಲ್ಲಿ ಏನಾಯಿತೆಂದು ಕೇಳಲಿಲ್ಲ. ಹಲಗೆಯ ಮೇಲಿನ ಚಿಲ್ಲರೆಯನ್ನು ಗುಡಿಸಿ ಸೆರಗಿಗೆ ಹಾಕಿಕೊಂಡಳು.

"ಅಣ್ತಮ್ಮಂದ್ರಿಗೆ ಬ್ಯಾಡ್ದಿದ್ರೆ ನನ್ಗಿರ್ಲಿ. ಉಪ್ಪು ಮುಗ್ದೈತೆ," ಎಂದಳು. "ಕೈಕಾಲು ತೊಳ್ಕಳಿ. ಸಾರು ಆರೋಗ್ತದೆ."

ಷಡಕ್ಷರಿ ಅಣ್ಣನ ಕಡೆ ನೋಡಿದ. ಚಂದ್ರಶೇಖರಯ್ಯ ತಲೆ ಎತ್ತಲಿಲ್ಲ. ಮುದುಕಿಯೊಬ್ಬಳ ಬಾಟಲಿಗೆ ಆಲಿಕೆ ಇಟ್ಟು ಎಣ್ಣೆ ಅಳೆಯುತ್ತಿದ್ದ. ಅಳತೆ ತುಂಬಿತು. ಇನ್ನೆಷ್ಟು ದಿನ ಡಿಪೋ ಇರುತ್ತದೋ ಗೊತ್ತಿರಲಿಲ್ಲ. ಆದರೂ ಅವನ ಕೈ ಒಂದು ಕ್ಷಣ ತಡೆದು, ಮೇಲೊಂದು ಗುಟುಕು ಸುರಿಯಿತು.